ಗುಚ್ಛದ ಅಂಚಿನಲ್ಲಿ ನೀಲತ್ತಿ

ನಿವೃತ್ತಿಯಾದ ಮೇಲೂ ಏನು ಮಾಡುತ್ತಿದ್ದೀರಿ ಎಂದು ಕೇಳುವವರ ಮೇಲೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಹೇಳುತ್ತೇನೆ. ಧಾರವಾಡದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಾಗಲೂ ಇದೇ ಕೆಲಸ, ಈಗಲೂ ಇದೇ. ಆಕಾಶದಲ್ಲಿ ಗೋಳಗುಚ್ಛಗಳೆಂದು ಕರೆಯುವ ನಕ್ಷತ್ರಗಳ ಗುಂಪುಗಳಿವೆ. ಲಕ್ಷಗಟ್ಟಲೆ ಮುದಿ ನಕ್ಷತ್ರಗಳು ಬೆಲ್ಲಕ್ಕೆ ಇರುವೆ ಮುತ್ತಿದಂತೆ ದುಂಡಗೆ ಒಂದೇ ಕಡೆ ಮುತ್ತಿಕೊಂಡು, ಒಂದರ ಸೆಳೆತಕ್ಕೆ ಇನ್ನೊಂದು ಸಿಕ್ಕು, ಒಟ್ಟಾಗಿ ಆಕಾಶಗಂಗೆಯನ್ನು ಸುತ್ತುತ್ತಿರುತ್ತವೆ. ಅವುಗಳ ನಡುಭಾಗ ನೋಡಲು ಚೆಂದ, ಕ್ಯಾಲೆಂಡರಿನ ಮೇಲೆ ಅಚ್ಚು ಹಾಕುವುದು ಅದನ್ನೇ. ನನಗೆ ಬೇಕಾದದ್ದು ಹೊರಗಿನ ಮಬ್ಬು ಭಾಗ. ನಡುವಿನಿಂದ ಹೊರಗೆ ಬಂದಷ್ಟೂ ನಕ್ಷತ್ರಗಳು ವಿರಳವಾಗುತ್ತ, ಬೆಳಕು ತೆಳುವಾಗುತ್ತ ಹೋಗಿ, ಕೊನೆಗೆ ಯಾವುದು ಗುಚ್ಛದ ನಕ್ಷತ್ರ, ಯಾವುದು ಸುಮ್ಮನೆ ಆ ದಿಕ್ಕಿನಲ್ಲಿ ಕಾಣುವ ಬೇರೆ ನಕ್ಷತ್ರ ಎಂದು ತಿಳಿಯದ ಜಾಗವೊಂದು ಬರುತ್ತದೆ. ಬಹಳ ಜನ ಅಲ್ಲಿ ಗೆರೆ ಎಳೆದು, ಗುಚ್ಛ ಮುಗಿಯಿತೆಂದು ಎದ್ದುಬಿಡುತ್ತಾರೆ. ನಾನು ಅಲ್ಲಿಂದ ಶುರು ಮಾಡುತ್ತೇನೆ. ಬಾಹ್ಯಾಕಾಶದ ದೂರದರ್ಶಕ ಕಳಿಸುವ ಅಳತೆಗಳನ್ನು ಈಗ ಯಾರು ಬೇಕಾದರೂ ಮನೆಯಲ್ಲಿ ಕೂತು ನೋಡಬಹುದು. ನಾನು ಅಡುಗೆ ಮುಗಿಸಿ ನೋಡುತ್ತೇನೆ.

ಕಾಲೇಜು ಬಿಡುವ ವರ್ಷ ಒಬ್ಬ ಹುಡುಗಿ, ಮುಂದಿನ ಬೆಂಚಿನಲ್ಲಿ ಕೂತು ಎಲ್ಲಕ್ಕೂ ಪ್ರಶ್ನೆ ಹಾಕುತ್ತಿದ್ದವಳು, ನನ್ನನ್ನು ತಡೆದು ಕೇಳಿದಳು.

"ಮೇಡಂ, ನಟ್ಟನಡುವಿಂದು ಬಿಟ್ಟು ಈ ಅಂಚ ಯಾಕ ಹಿಡಕೊಂಡ ಕುಂತ್ರಿ?"

ಅವಳಿಗೆ ಶಾಸ್ತ್ರದ ಉತ್ತರ ಕೊಟ್ಟು ಕಳಿಸಿದೆ. ಗುಚ್ಛಕ್ಕೆ ಹಿಂದೆ ಏನಾಯಿತು, ಮುಂದೆ ಏನಾಗುತ್ತದೆ ಎಂಬುದು ಅಂಚಿನಲ್ಲಿ ಕಾಣುತ್ತದೆ ಎಂದೆ. ಅದು ಸುಳ್ಳಲ್ಲ. ಆದರೆ ನಾನು ಅಂಚನ್ನು ಹಿಡಿದು ಕೂತದ್ದು ನೀಲತ್ತಿಯ ದೆಸೆಯಿಂದ. ನೀಲತ್ತಿ ನನ್ನ ಅಪ್ಪನ ತಂಗಿ. ಅವಳನ್ನು ನಕ್ಷತ್ರ ಎಂದು ಕರೆದು ಚೆಂದ ಮಾಡುವ ಕೆಲಸ ನನ್ನಿಂದ ಆಗದು. ಅವಳು ಬೆಲ್ಲದ ಗಡಿಗೆಗೆ ಕೈ ಹಾಕುವವಳು, ನಕ್ಕರೆ ಎತ್ತು ಬೆದರುವಂತೆ ನಗುವವಳು, ನನ್ನ ಹೇನು ಹೆಕ್ಕುವಾಗ ನೋವಾಗುವಂತೆ ಕೂದಲು ಜಗ್ಗುವವಳು. ಅವಳಿಗೆ ಜೀವನದಲ್ಲಿ ಬೇಕಾಗಿದ್ದದ್ದು ಒಂದೇ. ಈ ಮನೆಯವಳು ನೀನು, ಬಾ ಎಂದು ತವರುಮನೆಯವರು ಯಾರಾದರೂ ಅವಳನ್ನು ಕರೆಯಬೇಕಾಗಿತ್ತು. ಅದನ್ನು ಇಷ್ಟು ಸರಳವಾಗಿ ಹೇಳಲು ನನಗೆ ಈ ವಯಸ್ಸು ಬೇಕಾಯಿತು.

ಕುಬಿಹಾಳದಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಓಣಿಗೆ ಹತ್ತಿಕೊಂಡು ಉದ್ದನೆಯ ಕಟ್ಟೆ, ಕಟ್ಟೆ ಏರಿದರೆ ತಲೆಬಾಗಿಲು, ಒಳಗೆ ಕಾಲಿಟ್ಟ ಕೂಡಲೇ ಎತ್ತುಗಳು ಮೇಯುವ ಗೋದಲಿ, ಅದನ್ನು ದಾಟಿ ಮೇಲೇರಿದರೆ ಪಡಸಾಲೆ, ಪಡಸಾಲೆಯ ಹಿಂದೆ ಅಡುಗೆಮನೆ, ಅದರ ಮಗ್ಗುಲಿಗೆ ಹಗಲೂ ಕತ್ತಲಿರುವ ದೇವರ ಕೋಣೆ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲಿನ ಕೋಲೊಂದು ಪಡಸಾಲೆಗೆ ಇಳಿದು ಹೊತ್ತು ಹೋದಂತೆ ಗೋಡೆ ಏರುತ್ತಿತ್ತು. ಒಳಗೆ ಹೋದಷ್ಟೂ ಜನ, ಹೊಗೆ, ಮಾತು ಹೆಚ್ಚುತ್ತಿದ್ದವು. ಎಲ್ಲದರ ನಡುವೆ, ಒಲೆಯ ಮುಂದೆ, ಆಯಿ ಕೂತಿರುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ. ಸೊಸೆಯಂದಿರು ಮೂವರು ಇದ್ದರೂ ರೊಟ್ಟಿ ಅವಳೇ ಬಡಿಯಬೇಕು, ಬೇರೆ ಯಾರು ಬಡಿದರೂ ಅವಳ ಕಣ್ಣಿಗೆ ಅದು ನಕ್ಷೆಯಂತೆ ಕಾಣುತ್ತಿತ್ತು. ದೊಡ್ಡಪ್ಪ, ಅಪ್ಪ, ಕಾಕಾ ಮೂವರೂ ಹೊಲದಿಂದ ಬಂದು ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿ ಸಾಲಾಗಿ ಕೂರುತ್ತಿದ್ದರು. ನಾವು ಹುಡುಗರು ಆಯಿಯ ಮೊಣಕಾಲಿಗೆ ಯಾರ ಮೊಣಕಾಲು ತಾಗಬೇಕು ಎಂದು ದಿನಾ ಜಗಳಾಡುತ್ತಿದ್ದೆವು. ಹಂಚಿನಿಂದ ಇಳಿದ ರೊಟ್ಟಿಯ ಮೇಲೆ ಬೆಣ್ಣೆ ಕರಗುವ ಮೊದಲೇ ಅದು ಯಾರದೋ ಪಾಲಾಗಿರುತ್ತಿತ್ತು.

ನೀಲತ್ತಿ ಮಾತ್ರ ಈ ನೂಕಾಟಕ್ಕೆ ಬರುತ್ತಿರಲಿಲ್ಲ. ಪಡಸಾಲೆಯ ತುದಿಗೆ, ಗೋದಲಿಯ ಕಡೆ ಕಾಲು ಇಳಿಬಿಟ್ಟು, ಕಂಬಕ್ಕೆ ಒರಗಿ ಕೂತಿರುತ್ತಿದ್ದಳು. ಅವಳನ್ನು ಅಲ್ಲಿ ಯಾರೂ ಕೂರಿಸಿದ್ದಲ್ಲ. ಅವಳೇ ಆರಿಸಿಕೊಂಡ ಜಾಗ. ಎಲ್ಲರ ಊಟ ಒಂದು ಹಂತಕ್ಕೆ ಬಂದ ಮೇಲೆ ಆಯಿ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು.

"ನೀಲವ್ವಾ, ಬಾ ಬೇ, ಉಣ್ಣಾಕ."

"ಬಂದ್ನೇವ್ವಾ."

ಆಗ ಎದ್ದು ಬರುತ್ತಿದ್ದಳು. ಕರೆಯದಿದ್ದರೆ ಬರುತ್ತಿರಲಿಲ್ಲ. ಇದು ಸೊಕ್ಕೆಂದು ದೊಡ್ಡವ್ವ ಅಂದುಕೊಂಡಿದ್ದಳು. ಸೊಕ್ಕಲ್ಲ, ಅದಕ್ಕೊಂದು ಹಿನ್ನೆಲೆ ಇತ್ತು. ನಮ್ಮ ಕಡೆ ಕೊಟ್ಟ ಮಗಳು ತಾನಾಗಿ ಹೋಗಿ ಬಂದು ಮಾಡುವುದಿಲ್ಲ. ತವರಿಗೆ ಬರಬೇಕಾದರೆ ತವರಿನಿಂದ ಅಣ್ಣನೋ ತಮ್ಮನೋ ಹೋಗಿ ಕರೆಯಬೇಕು, ತಿರುಗಿ ಹೋಗಬೇಕಾದರೆ ಗಂಡನ ಮನೆಯಿಂದ ಯಾರಾದರೂ ಬಂದು ಕರೆಯಬೇಕು. ನೀಲತ್ತಿಯನ್ನು ಅಳ್ನಾವರಕ್ಕೆ ಕೊಟ್ಟಿತ್ತು. ಅವಳ ಗಂಡ ಅಲ್ಲಿ ಕಟ್ಟಿಗೆ ಅಡ್ಡೆಯಲ್ಲಿ ಕೆಲಸಕ್ಕಿದ್ದ, ಬಡಿದರೂ ಬಾಯಿ ಬಿಡದ ಮನುಷ್ಯ. ನಾನು ಹುಟ್ಟಿದ ಹೊಸತರಲ್ಲಿ ಆಯಿ ನಿಚ್ಚಣಿಕೆಯಿಂದ ಬಿದ್ದು ಕೈ ಮುರಿದುಕೊಂಡಳಂತೆ. ಸುದ್ದಿ ಕೇಳಿದವಳೇ ನೀಲತ್ತಿ ಯಾರ ದಾರಿಯನ್ನೂ ಕಾಯದೆ ಉಟ್ಟ ಸೀರೆಯಲ್ಲಿ ಓಡಿಬಂದಳು. ಆಯಿಯ ಕೈ ಕೂಡಿತು. ನೀಲತ್ತಿ ಹೋಗಲಿಲ್ಲ. ತಾನಾಗಿ ಹೋದವಳು ತಾನಾಗಿ ಬರಲಿ ಎಂದು ಅಳ್ನಾವರದಲ್ಲಿ ಕಾದರು, ಕರೆಯಲು ಬಂದರೆ ಕಳಿಸೋಣ ಎಂದು ನಮ್ಮವರು ಕಾದರು. ಜಗಳವಿಲ್ಲ, ಒಂದು ಕೆಟ್ಟ ಮಾತಿಲ್ಲ. ಹೀಗೆ ಕಾಯುತ್ತಲೇ ನನಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದವು. ಒಮ್ಮೆ ಕರೆಯದೆ ಬಂದು ಹೀಗಾದ ಮೇಲೆ ನೀಲತ್ತಿ ಇನ್ನು ಕರೆಯದೆ ಎಲ್ಲಿಗೂ ಹೋಗುವುದಿಲ್ಲ ಎಂದು ಹಟ ತೊಟ್ಟಳು. ಉಣ್ಣಲಿಕ್ಕೂ ಕರೆಯಬೇಕು.

ಬೇಸಿಗೆಯಲ್ಲಿ ಊಟ ಮುಗಿದ ಕೂಡಲೇ ಹೆಂಗಸರು ಮಕ್ಕಳು ಚಾಪೆ ತಗೊಂಡು ಮಾಳಿಗೆ ಏರುತ್ತಿದ್ದೆವು. ಅಲ್ಲಿಯೂ ನೀಲತ್ತಿಯದು ದಕ್ಷಿಣದ ಅಂಚು. ನನಗೆ ಅವಳ ಮಗ್ಗುಲೇ ಬೇಕು, ಏಕೆಂದರೆ ಅವಳ ಸೆರಗಿನ ಗಂಟಿನಲ್ಲಿ ಹುರಿದ ಶೇಂಗಾ ಇರುತ್ತಿದ್ದವು. ಎರೆ ಭೂಮಿಯ ಬಯಲು, ಕಣ್ಣಿಗೆ ಅಡ್ಡ ಬರುವ ಗುಡ್ಡವಿಲ್ಲ, ಆಕಾಶ ಹೊಲದ ಬದುವಿನ ತನಕ ಇಳಿದಿರುತ್ತಿತ್ತು. ದಕ್ಷಿಣದಲ್ಲಿ, ಬಹಳ ಮೇಲೇನಲ್ಲ, ಒಂದು ಚಿಕ್ಕಿ ಉಳಿದ ನಕ್ಷತ್ರಗಳಂತೆ ಚೂಪಾಗಿರಲಿಲ್ಲ.

"ಶಕ್ಕು, ಅದನ್ನ ನೋಡು. ಯಾರೋ ಸೆರಗಿಲೆ ಒರಸಿದಂಗ ಐತಿ."

"ಮಬ್ಬ ಐತಿ ಅತ್ತಿ."

"ಮಬ್ಬಲ್ಲ ಬಿಡು. ಅಲ್ಲಿ ಭಾಳ ಮಂದಿ ಅದಾರ."

ಅವಳಿಗೆ ಖಗೋಳ ಗೊತ್ತಿತ್ತೆಂದು ಯಾರೂ ತಿಳಿಯಬಾರದು. ಇರುವೆಯ ಗೂಡಿಗೂ, ಸಂಶಿಯ ಸಂತೆಗೂ, ಒಡೆದ ದಾಳಿಂಬೆಗೂ ಅವಳು ಅದನ್ನೇ ಹೇಳುತ್ತಿದ್ದಳು. ಅವಳಿಗೆ ಮಂದಿ ಎಂದರೆ ಪ್ರಾಣ. ಆ ಒರೆಸಿದ ಚಿಕ್ಕಿ ಕಿನ್ನರ ನಕ್ಷತ್ರಪುಂಜದಲ್ಲಿರುವ ಒಮೆಗಾ ಸೆಂಟಾರಿ ಎಂಬ ಗೋಳಗುಚ್ಛ, ಬರಿಗಣ್ಣಿಗೆ ಕಾಣುವವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಎಂದು ನಾನು ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಅದರ ಅಂಚಿನಿಂದ ನಕ್ಷತ್ರಗಳು ಒಂದೊಂದಾಗಿ ಕಳಚಿಕೊಂಡು, ಹಿಂದೆ ಮುಂದೆ ಸಣ್ಣ ತೊರೆಯಂತೆ ಬಹುದೂರ ಹರಡಿವೆ ಎಂದು ತಿಳಿದದ್ದು ಇನ್ನೂ ಈಚೆಗೆ. ಈಗ ನನ್ನ ಮನೆಯ ಮಾಳಿಗೆಯಿಂದ ಊರಿನ ದೀಪಗಳ ನಡುವೆ ಅದು ಕಾಣುವುದಿಲ್ಲ. ಕಂಡಿದ್ದರೂ ಪಕ್ಕದಲ್ಲಿ ಶೇಂಗಾ ಸುಲಿದು ಕೊಡುವವರಿಲ್ಲ. ಆ ಮಣ್ಣಿನ ಮಾಳಿಗೆಯ ಕಾವು ಬೆನ್ನಿಗೆ ತಾಗುವುದು ನನಗೆ ಇಂದಿಗೂ ಬೇಕು ಅನಿಸುತ್ತದೆ.

ಒಂದು ಮಳೆಗಾಲದಲ್ಲಿ ಆಯಿ ತೀರಿಹೋದಳು. ದೀಪಾವಳಿ ಬರುವಷ್ಟರಲ್ಲಿ ಮನೆಯಲ್ಲಿ ಮೂರು ಒಲೆಗಳಾಗಿದ್ದವು. ಜಗಳ ಹುಟ್ಟಿದ್ದು ಮಜ್ಜಿಗೆಯಿಂದ. ದೊಡ್ಡವ್ವ ಕಾಕಾನ ಹೆಂಡತಿ ಕಾಕುವಿನ ಮುಂದೆ ತಂಬಿಗೆ ಕುಕ್ಕಿ ಕೇಳಿದಳು.

"ಮಜ್ಜಿಗಿಗೆ ನೀರ ಹಾಕಿಯೋ, ನೀರಿಗೆ ಮಜ್ಜಿಗಿ ಹಾಕಿಯೋ?"

"ನಿಮ್ಮ ಮಕ್ಕಳು ಮೊಸರ ಬಳಕೊಂಡ ಮ್ಯಾಲ ಉಳಿದಿದ್ದ ಇಷ್ಟರಿ ಯಕ್ಕಾ."

ಇಷ್ಟೇ. ಆಯಿ ಇದ್ದಿದ್ದರೆ ಇಬ್ಬರಿಗೂ ಬೈದು ತಾನೇ ಇನ್ನೊಂದು ತಂಬಿಗೆ ನೀರು ಸುರಿದು ಮುಗಿಸುತ್ತಿದ್ದಳು. ಗಂಡಸರು ಪಡಸಾಲೆಯಲ್ಲಿ ಕೂತು ಎತ್ತು, ಹೊಲ, ಹಂಚು, ಕೊಳಗ ಎಲ್ಲ ಹಂಚಿಕೊಂಡರು. ಕೂಗಾಡಲಿಲ್ಲ, ಅದೇ ಕೆಟ್ಟದ್ದಾಯಿತು. ಕೊನೆಗೆ ನನ್ನ ಅವ್ವ ಬಾಗಿಲ ಮರೆಯಿಂದ ನೆನಪು ಮಾಡಿದಳು.

"ನೀಲವ್ವ ಯಾರ ಕಡಿ ಅಂತ ಮಾತಾಡಲೇ ಇಲ್ಲಲ್ರಿ."

ಮೂವರಿಗೂ ನಾಚಿಕೆಯಾಯಿತು. ದೊಡ್ಡಪ್ಪ ಮೊದಲು ಬಾಯಿ ತೆರೆದ.

"ಕೇಳೂದೇನೈತಿ, ನೀಲಾ ನಮ್ಮ ಕಡಿ."

"ಯಾಕಣ್ಣಾ, ನಮಗೇನ ಭಾರ ಆಗ್ಯಾಳೇನ? ನಮ್ಮ ಕಡಿ ಇರ್ಲಿ," ಎಂದ ಅಪ್ಪ.

"ಅಕ್ಕ ಎಲ್ಲಾರ ಕಡೀನೂ ಇರ್ಲಿ ತಗೋರಿ," ಎಂದ ಕಾಕಾ.

ಎಲ್ಲರಿಗೂ ಸಮಾಧಾನವಾಯಿತು. ನೀಲತ್ತಿಯ ಕಣ್ಣಿನಲ್ಲಿಯೂ ನೀರು ಬಂತು, ಸಂತೋಷಕ್ಕೇ. ಮೊದಲ ದಿನ ಮೂರು ಒಲೆಗಳಿಂದಲೂ ಮೂರು ಗಂಗಾಳ ಬಂದು ಅವಳ ಮುಂದೆ ಕೂತವು. ಯಾವುದನ್ನು ಬಿಟ್ಟರೂ ಬೇಸರವಾದೀತೆಂದು ಮೂರನ್ನೂ ಉಂಡು ರಾತ್ರಿಯೆಲ್ಲ ಹೊಟ್ಟೆ ಹಿಡಿದುಕೊಂಡಳು. ಸ್ವಲ್ಪ ದಿನಕ್ಕೆ ಒಂದು ಮನೆಯವರು ಇನ್ನೊಂದು ಕಡೆ ಉಂಡಿರಬೇಕು ಎಂದುಕೊಳ್ಳುವುದು ರೂಢಿಯಾಯಿತು. ಅವ್ವ ದಾಟಿ ಹೋಗುವಾಗ ಕೇಳುತ್ತಿದ್ದಳು.

"ಉಂಡಿಯೇನ ನೀಲವ್ವಾ?"

"ಹೂಂ ವೈನಿ, ಉಂಡ್ನಿ."

ಎಲ್ಲಿ ಉಂಡೆ ಎಂದು ಕೇಳಿದರೆ ಬೇರೆ ಒಲೆಯ ಸುದ್ದಿ ತೆಗೆದಂತಾಗುತ್ತದೆ ಎಂದು ಅವ್ವ ಮುಂದೆ ಹೋಗುತ್ತಿದ್ದಳು. ಈಗ ನಾನು ನೋಡುವ ಗುಚ್ಛಗಳಲ್ಲಿಯೂ ಹೀಗೊಂದು ಸಂಗತಿ ಇದೆ. ನಡುವಿನ ಭಾರ ಕಡಿಮೆಯಾದರೆ ನಡುವಿನಲ್ಲಿರುವ ನಕ್ಷತ್ರಗಳಿಗೆ ಅದು ಬೇಗ ಗೊತ್ತಾಗುವುದಿಲ್ಲ, ಅವು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಮೊದಲು ಸಡಿಲಾಗುವುದು ಅಂಚಿನಲ್ಲಿರುವವು. ಸಡಿಲಾದ ಮೇಲೂ ಅವು ಕೂಡಲೇ ಹೊರಟುಹೋಗುವುದಿಲ್ಲ. ಹೊರಗೆ ಹೋಗುವ ದಾರಿ ಸಿಗುವ ತನಕ ಬಹಳ ಕಾಲ ಗುಚ್ಛದ ಸುತ್ತಲೇ ತಿರುಗುತ್ತಿರುತ್ತವೆ, ನೋಡಿದವರಿಗೆ ಇನ್ನೂ ಅದರವೇ ಅನಿಸುತ್ತದೆ.

ಆ ವರ್ಷದ ಎಳ್ಳಮಾವಾಸ್ಯೆ ಬಂತು. ಚಳಿಗಾಲದಲ್ಲಿ, ಹಿಂಗಾರಿನ ಜೋಳ ಎದೆಯುದ್ದ ನಿಂತಾಗ, ಊರಿಗೆ ಊರೇ ಅಡುಗೆ ಕಟ್ಟಿಕೊಂಡು ಹೊಲಕ್ಕೆ ಹೋಗುವ ಹಬ್ಬ. ಹೊಲದಲ್ಲಿ ಬನ್ನಿಗಿಡದ ಬುಡಕ್ಕೆ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡಿ, ಮಾಡಿದ ಅಡುಗೆಯನ್ನೆಲ್ಲ ಒಂದರಲ್ಲಿ ಕಲಸಿ ಹೊಲದ ನಾಲ್ಕೂ ಬದುವಿನ ಗುಂಟ ಚೆಲ್ಲುತ್ತ ಹೋಗಬೇಕು. ಅದಕ್ಕೆ ಚರಗ ಎನ್ನುತ್ತಾರೆ. ಚರಗ ಚೆಲ್ಲುವವನು ಮನೆಯ ಹಿರಿಯ. ಅವನ ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತ ಹೋಗುವವಳು ಮನೆಯ ಮಗಳು. ನಮ್ಮಲ್ಲಿ ಅದು ನೀಲತ್ತಿಯ ಕೆಲಸ, ವರ್ಷದಲ್ಲಿ ಅವಳು ಎಲ್ಲರ ಮುಂದೆ ಸೆಟೆದು ನಡೆಯುತ್ತಿದ್ದ ದಿನ ಅದೊಂದೇ. ಒಲೆ ಬೇರೆಯಾದರೂ ಚರಗ ಒಂದೇ ಇರಲಿ ಎಂದು ದೊಡ್ಡಪ್ಪ ಹೇಳಿದ್ದ. ಬೆಳಗಾಗುವ ಮೊದಲೇ ಮೂರು ಅಡುಗೆಮನೆಗಳಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಲೆ, ಅಗಸಿ ಚಟ್ನಿ ಎಲ್ಲ ತಯಾರಾದವು. ಯಾರ ಹೋಳಿಗೆ ತೆಳ್ಳಗಾಗಿದೆ ಎಂಬ ಗುಟ್ಟಿನ ಪೈಪೋಟಿ ಬೇರೆ. ಮೂರು ಚಕ್ಕಡಿಗಳು ಒಂದರ ಹಿಂದೆ ಒಂದು ಹೊರಟವು. ನಾನು ಅಪ್ಪನ ಚಕ್ಕಡಿಯಲ್ಲಿ ಬುಟ್ಟಿಗಳ ನಡುವೆ ಸಿಕ್ಕಿಕೊಂಡಿದ್ದೆ, ಎಳ್ಳೆಣ್ಣೆಯ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು.

ಹೊಲದಲ್ಲಿ ಪೂಜೆ ಮುಗಿಯಿತು. ದೊಡ್ಡಪ್ಪ ಚರಗದ ಬುಟ್ಟಿ ಎತ್ತಿಕೊಂಡು ಬದುವಿಗೆ ಇಳಿದ. ಮೊದಲ ಹಿಡಿಯನ್ನು ಪೂರ್ವಕ್ಕೆ ಚೆಲ್ಲಿ, ಹಿಂದೆ ತಿರುಗದೆ ಎಂದಿನಂತೆ ಹೇಳಿದ.

"ನೀರ ಹಾಕ ನೀಲಾ."

ನೀರು ಬೀಳಲಿಲ್ಲ. ಅವನು ತಿರುಗಿ ನೋಡಿದ. ಹಿಂದೆ ಜೋಳ ಮಾತ್ರ ಇತ್ತು.

"ನೀಲಾ ಎಲ್ಲಿ?"

"ನಿಮ್ಮ ಚಕ್ಕಡ್ಯಾಗ ಬರಲಿಲ್ಲೇನ?" ಎಂದ ಅಪ್ಪ.

"ನಾವು ನಿಮ್ಮ ಕೂಡ ಬಂದಾಳ ಅಂತ ತಿಳಕೊಂಡ್ವಿ," ಎಂದಳು ಕಾಕು.

ಒಬ್ಬರ ಮುಖ ಒಬ್ಬರು ನೋಡಿದರು. ಮೂರು ಚಕ್ಕಡಿ ತಲೆಬಾಗಿಲ ಮುಂದೆಯೇ ಹೂಡಿದ್ದವು. ಅವಳು ಕಟ್ಟೆಯ ಮೇಲೆಯೇ ಇದ್ದಳು, ನಾನೇ ನೋಡಿದ್ದೆ. ಇಳಕಲ್ ಸೀರೆ ಉಟ್ಟು, ತಂಬಿಗೆ ಬೆಳಗಿ ತೊಡೆಯ ಮೇಲೆ ಇಟ್ಟುಕೊಂಡು, ಯಾರಾದರೂ ಬಾ ಅನ್ನಲಿ ಎಂದು ಕೂತಿದ್ದಳು. ಮೂರು ಮನೆಯವರೂ ಅವಳನ್ನು ದಾಟಿಕೊಂಡೇ ಬುಟ್ಟಿ ಹೇರಿದ್ದರು. ಒಬ್ಬರು ಕರೆದಿರುತ್ತಾರೆ ಎಂದು ಇನ್ನೊಬ್ಬರು ನಂಬಿದ್ದರು. ಚಕ್ಕಡಿಗಳು ಓಣಿಯ ತಿರುವು ದಾಟುವ ತನಕ ಅವಳು ನೋಡುತ್ತಿದ್ದಿರಬೇಕು. ದೊಡ್ಡಪ್ಪ ಉಳಿದ ಚರಗವನ್ನು ನೀರಿಲ್ಲದೆಯೇ ಚೆಲ್ಲಿ ಮುಗಿಸಿದ. ಆ ದಿನದ ಹೋಳಿಗೆಯ ರುಚಿ ಯಾರಿಗೂ ಹತ್ತಲಿಲ್ಲ.

ಬಿಸಿಲು ಇಳಿಯುವ ಮೊದಲೇ ಚಕ್ಕಡಿಗಳನ್ನು ತಿರುಗಿಸಿದೆವು. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಬಾಜೂಮನೆಯ ಮೌಲಾಬಿ ಬಾಗಿಲಲ್ಲಿ ನಿಂತಿದ್ದಳು. ಅವಳದು ನಮ್ಮ ಮನೆಯ ಕೂಡ ಮೊದಲಿನಿಂದಲೂ ಕೊಡುಕೊಳ್ಳುವ ಮನೆ, ನೀಲತ್ತಿಗೆ ಜೀವದ ಗೆಳತಿ.

"ಭಾಳ ಹೊತ್ತ ಕುಂತಿದ್ಲು. ನಾ ಕರದ್ನಿ, ಬಾ ಚಾ ಕುಡಿ ಅಂತ. ಒಲ್ಲೆ ಅಂದ್ಲು. ಆಮ್ಯಾಲ ಎದ್ದು ತಂಬಿಗಿ ನನ್ನ ಕಡಿ ಕೊಟ್ಟು, ಹುಬ್ಬಳ್ಳಿ ಬಸ್ಸ ಹತ್ತಿದ್ಲು. ಅಳ್ನಾವರಕ್ಕ ಹೊಕ್ಕೀನಿ ಅಂದ್ಲು."

"ಯಾರ ಬಂದಿದ್ರು ಕರಿಯಾಕ?" ದೊಡ್ಡಪ್ಪ ಕೇಳಿದ.

"ಯಾರೂ ಬಂದಿದ್ದಿಲ್ಲ. ಹಂಗ ಹೋದ್ಲು."

ಕರೆಯದೆ ಎಲ್ಲಿಗೂ ಹೋಗದವಳು ಕರೆಯದೆಯೇ ಹೋಗಿದ್ದಳು. ನಾನು ಗೋದಲಿಯ ಕಂಬಕ್ಕೆ ಮುಖ ಒತ್ತಿಕೊಂಡು ಅತ್ತೆ. ಅವಳು ಒರಗಿ ಒರಗಿ ಆ ಕಂಬ ನುಣ್ಣಗಾಗಿತ್ತು. ಮನೆಯಲ್ಲಿ ಯಾರೂ ಅವಳಿಗೆ ಬೈಯಲಿಲ್ಲ, ಹೋಗಿ ಕರೆತರಲೂ ಇಲ್ಲ. ನಾಗರ ಪಂಚಮಿ ಬಂದರೆ ಅಣ್ಣತಮ್ಮಂದಿರು ಕೊಟ್ಟ ಅಕ್ಕತಂಗಿಯರನ್ನು ಕರೆಯಲು ಹೋಗುವುದು ಪದ್ಧತಿ. ಪ್ರತಿ ಪಂಚಮಿಗೆ ಅದೇ ಮಾತು ನಡೆಯುತ್ತಿತ್ತು. ಸಣ್ಣವರು ಇಬ್ಬರು ಇರುವಾಗ ನಾನೇ ಹೋಗಬೇಕೇ ಎಂದು ದೊಡ್ಡಪ್ಪ. ಹಿರಿಯವನಿರುವಾಗ ನಾನು ಮುಂದಾದರೆ ಚೆಂದವೇ ಎಂದು ಅಪ್ಪ. ಇಬ್ಬರಲ್ಲಿ ಒಬ್ಬರು ಹೇಳಲಿ, ಈಗಲೇ ಹೋಗುತ್ತೇನೆ ಎಂದು ಕಾಕಾ. ಬೆಲ್ಲದ ಉಂಡಿ ಕಟ್ಟುವುದು ಮುಗಿಯುತ್ತಿತ್ತು, ಜೋಕಾಲಿ ಇಳಿಯುತ್ತಿತ್ತು, ಹಬ್ಬ ಹೋಗುತ್ತಿತ್ತು. ಅಷ್ಟರಲ್ಲಿ ಒಲೆಗಳ ನಡುವೆ ಗೋಡೆಗಳೂ ಎದ್ದವು. ತಲೆಬಾಗಿಲು ದೊಡ್ಡಪ್ಪನಿಗೆ ಉಳಿಯಿತು, ಅಪ್ಪ ಪಡಸಾಲೆಗೆ ಓಣಿಯ ಕಡೆಯಿದ್ದ ಕಿಟಕಿ ಒಡೆದು ಬಾಗಿಲು ಮಾಡಿದ, ಕಾಕಾ ಗೋದಲಿಯ ಕಡೆ ಗೋಡೆ ಕಡಿದು ತನ್ನದೊಂದು ಬಾಗಿಲು ಇಟ್ಟ.

ನಾನು ಧಾರವಾಡದ ಕಾಲೇಜು ಸೇರಿದೆ. ಅಲ್ಲಿ ಒಂದು ಪುಸ್ತಕದಲ್ಲಿ ಗೋಳಗುಚ್ಛದ ಅಂಚಿನ ಬಗ್ಗೆ ಓದಿದ ದಿನ ನನಗೆ ಹಾಸ್ಟೆಲಿನ ಊಟ ಸೇರಲಿಲ್ಲ. ಅಂಚಿನಲ್ಲಿರುವ ನಕ್ಷತ್ರ ಗುಚ್ಛದ್ದು ಹೌದೋ ಅಲ್ಲವೋ ಎಂಬುದನ್ನು ಅದು ಎಷ್ಟು ದೂರ ಇದೆ ಎಂಬುದೊಂದರಿಂದಲೇ ಹೇಳಲು ಬರುವುದಿಲ್ಲ, ಅದು ಸಾಗುವ ರೀತಿ ನೋಡಬೇಕು, ಗುಚ್ಛ ಹೋಗುವ ದಿಕ್ಕಿಗೆ ಗುಚ್ಛದ ವೇಗದಲ್ಲೇ ಹೋಗುತ್ತಿದ್ದರೆ ಅದು ಅದರದೇ ಎಂದು ಬರೆದಿತ್ತು. ಹತ್ತೊಂಬತ್ತರ ಹುಡುಗಿಗೆ ಅಷ್ಟು ಸಾಕಾಯಿತು. ಪಂಚಮಿಯ ಹಿಂದಿನ ದಿನ ಬೆಳಿಗ್ಗೆ ಅಳ್ನಾವರದ ರೈಲು ಹತ್ತಿದೆ. ಹೊರಗೆ ಹಸಿರು ದಟ್ಟವಾಗುತ್ತ ಹೋಯಿತು. ಸ್ಟೇಶನ್ನಿಗೆ ಹತ್ತಿರವೇ ಹೆಂಚಿನ ಸಣ್ಣ ಮನೆ. ನೀಲತ್ತಿ ಅಂಗಳದಲ್ಲಿ ಕಟ್ಟಿಗೆ ಒಟ್ಟುತ್ತಿದ್ದಳು, ದಪ್ಪಗಾಗಿದ್ದಳು, ತಲೆ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಗುರುತು ಹಿಡಿಯಲು ತಡವರಿಸಿದಳು, ಹಿಡಿದ ಮೇಲೆ ಬಿಡಲಿಲ್ಲ. ಮಾವ ಒಳಗಿನಿಂದ ಬಂದು ಗೋಡೆಗೆ ಒರಗಿ ನಿಂತ. ಇಷ್ಟು ವರ್ಷ ಅವಳನ್ನು ಕರೆಯಲು ಯಾಕೆ ಬರಲಿಲ್ಲ ಎಂದು ನಾನು ಬಾಯಿಬಿಟ್ಟು ಕೇಳಿಯೇಬಿಟ್ಟೆ.

"ಬರ್ತಾಳ ಅಂತ ಕುಂತಿದ್ನಿ, ತಂಗಿ. ಬಂದ್ಲು," ಎಂದ. ಆಮೇಲೆ "ಚಲೋ ಆತು," ಎಂದ.

ನಾನು ಬಂದ ಕೆಲಸ ಹೇಳಿದೆ.

"ಅತ್ತಿ, ಪಂಚಮಿಗೆ ಕರಿಯಾಕ ಬಂದೀನಿ. ನಡಿ, ಊರಿಗೆ ಹೋಗೂಣು."

ಅವಳು ಒಟ್ಟುತ್ತಿದ್ದ ಕಟ್ಟಿಗೆ ಕೈಬಿಟ್ಟಳು. ಅಷ್ಟು ಹೊತ್ತು ನಗುತ್ತಿದ್ದವಳ ಮುಖ ಸಣ್ಣ ಹುಡುಗಿಯ ಮುಖದಂತಾಯಿತು.

"ಯಾರ ಕಳಸ್ಯಾರ?"

"ಯಾರೂ ಕಳಿಸಿಲ್ಲ. ನಾನ ಬಂದೀನಿ."

ಅವಳು ಗಂಡನ ಕಡೆ ನೋಡಿದಳು. ಅವನು ಒಳಗೆ ಹೋಗಿ ಅಟ್ಟದಿಂದ ಟ್ರಂಕು ಇಳಿಸಿ ತಂದು ಅವಳ ಮುಂದೆ ಇಟ್ಟ. ಅದರೊಳಗೆ ಅದೇ ಇಳಕಲ್ ಸೀರೆ, ಮಡಿಕೆ ಮುರಿಯದಂತೆ ಇತ್ತು.

ದಾರಿಯುದ್ದಕ್ಕೂ ಅವಳು ಬಾಯಿ ಮುಚ್ಚಲಿಲ್ಲ. ರೈಲಿನಲ್ಲಿ ಎದುರಿಗೆ ಕೂತ ಗೊತ್ತಿಲ್ಲದ ಹೆಂಗಸಿಗೂ ತವರಿಗೆ ಹೊರಟಿದ್ದೇನೆ, ಅಣ್ಣನ ಮಗಳು ಕರೆಯಲು ಬಂದಿದ್ದಾಳೆ ಎಂದು ಹೇಳಿದಳು. ಹುಬ್ಬಳ್ಳಿಯಲ್ಲಿ ಇಳಿದು ಬಳೆ ಇಡಿಸಿಕೊಂಡಳು. ಕುಬಿಹಾಳದಲ್ಲಿ ಬಸ್ಸು ಇಳಿದಾಗ ಮಧ್ಯಾಹ್ನ ತಿರುಗಿತ್ತು, ಮಳೆ ಬಿಟ್ಟು ಬಿಸಿಲು ಬಿದ್ದಿತ್ತು, ಓಣಿಯಲ್ಲಿ ಎಲ್ಲ ಮನೆಗಳಿಂದ ಉಂಡಿಯ ಬೆಲ್ಲದ ವಾಸನೆ ಬರುತ್ತಿತ್ತು. ನಾನು ಅವಳ ಟ್ರಂಕು ಹೊತ್ತುಕೊಂಡು ಮುಂದೆ, ಅವಳು ಹಿಂದೆ. ಮನೆಯ ಮುಂದೆ ಬಂದು ಅವಳು ನಿಂತುಬಿಟ್ಟಳು. ಒಂದು ಬಾಗಿಲಿದ್ದಲ್ಲಿ ಮೂರು ಬಾಗಿಲುಗಳಿದ್ದವು. ನಾನು ಹೇಳಿರಲಿಲ್ಲ ಎಂದಲ್ಲ, ರೈಲಿನಲ್ಲಿ ಹೇಳಿದ್ದೆ. ಕೇಳುವುದು ಬೇರೆ, ನೋಡುವುದು ಬೇರೆ. ಮೌಲಾಬಿ ಮೊದಲು ನೋಡಿ ಓಣಿಗೆಲ್ಲ ಕೇಳುವಂತೆ ನೀಲವ್ವ ಬಂದಳೆಂದು ಕೂಗಿದಳು. ಮೂರೂ ಬಾಗಿಲುಗಳಲ್ಲಿ ಮೂವರು ಬಂದು ನಿಂತರು. ಹಿಂದಿನಿಂದ ಹೆಂಗಸರು, ಹುಡುಗರು.

"ಬಾ ನೀಲಾ, ಒಳಗ ಬಾ," ಎಂದ ದೊಡ್ಡಪ್ಪ.

"ಬಾ ನೀಲವ್ವಾ, ಇಲ್ಲೆ ಬಾ," ಎಂದ ಅಪ್ಪ.

"ಅಕ್ಕಾ, ಈ ಕಡಿ ಬಾ," ಎಂದ ಕಾಕಾ.

ಮೂವರೂ ಮನಸ್ಸಿನಿಂದಲೇ ಕರೆದರು. ಅದನ್ನು ನಾನು ಯಾರ ಮುಂದೆಯೂ ಆಣೆಯಿಟ್ಟು ಹೇಳುತ್ತೇನೆ. ನೀಲತ್ತಿ ಕಟ್ಟೆಯ ಕೆಳಗೆ ನಿಂತು ಒಂದೊಂದು ಬಾಗಿಲನ್ನೂ ನೋಡಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಮೂರೂ ಮಂದಿ ಕರದ್ರ ನಾ ಯಾವ ಬಾಗಲಾ ಹೊಗಲಿ? ಒಬ್ಬರು ಕರೀರಿ. ಯಾರರ ಒಬ್ಬರು ಕರೀರಿ, ಬರ್ತೀನಿ."

ದೊಡ್ಡಪ್ಪ ಅಪ್ಪನ ಕಡೆ ನೋಡಿದ, ಅವನ ಮಗಳು ಕರೆತಂದಿದ್ದಾಳೆ, ಅವನೇ ಕರೆಯಲಿ ಎಂದು. ಅಪ್ಪ ದೊಡ್ಡಪ್ಪನ ಕಡೆ ನೋಡಿದ, ಹಿರಿಯವನು ಅವನು, ತಲೆಬಾಗಿಲು ಅವನದು ಎಂದು. ಕಾಕಾ ಇಬ್ಬರ ಕಡೆಯೂ ನೋಡಿದ. ಆ ದಿನ ಅವರಲ್ಲಿ ಹಗೆಯಿರಲಿಲ್ಲ, ಒಬ್ಬರ ಮೇಲೊಬ್ಬರಿಗೆ ಮರ್ಯಾದೆಯೇ ಇತ್ತು. ಆ ಮರ್ಯಾದೆಯಲ್ಲಿ ಮೂವರ ಬಾಯಿಯೂ ಕಟ್ಟಿತು. ನನಗೆ ತಡೆಯಲಿಲ್ಲ. ಅವಳ ಕೈ ಹಿಡಿದು ಜಗ್ಗಿದೆ.

"ಅತ್ತಿ, ನಾ ಕರೀತೀನಿ, ಬಾ."

"ನೀ ಕರದಿ ಅಂತನ ಇಲ್ಲೀತನ ಬಂದ್ನಿ, ಶಕ್ಕು. ಇನ್ನ ಮುಂದಿಂದು ನಿನ್ನ ಕೈಯಾಗ ಇಲ್ಲ."

ಅವಳು ಕಟ್ಟೆಯ ಮೇಲೆ ಕೂತಳು. ಮೂರು ಮನೆಗಳಿಂದಲೂ ಉಂಡಿ ಬಂದವು, ಮೂರನ್ನೂ ತಿಂದಳು. ಎಲ್ಲರ ಮಕ್ಕಳನ್ನೂ ತೊಡೆಯ ಮೇಲೆ ಎಳೆದುಕೊಂಡು ಹೆಸರು ಕೇಳಿದಳು, ನಕ್ಕಳು, ಮೌಲಾಬಿಯ ಚಹಾ ಕುಡಿದಳು. ದೊಡ್ಡವ್ವ, ಅವ್ವ, ಕಾಕು ಸರತಿಯಲ್ಲಿ ಅಲ್ಲಿಯೇ, ಕಟ್ಟೆಯ ಮೇಲೆಯೇ, ಅವಳ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ಮಡಿಲು ತುಂಬಿ ಚೆಲ್ಲುವಷ್ಟಾಯಿತು. ಒಳಗೆ ಮಾತ್ರ ಅವಳು ಕಾಲಿಡಲಿಲ್ಲ. ಒಮ್ಮೆಯಾದರೂ ಕಾಲಿಟ್ಟಿದ್ದರೆ ಎಂದು ನಾನು ಈಗಲೂ ಹಂಬಲಿಸುತ್ತೇನೆ. ಆ ಮನೆ ಈಗಿಲ್ಲ, ಅವಳೂ ಇಲ್ಲ. ಆದರೂ ಕಂಪ್ಯೂಟರಿನ ಪರದೆಯ ಮೇಲೆ ಗುಚ್ಛದಿಂದ ಬಹುದೂರ ಒಂದು ಮಂಕು ಚುಕ್ಕೆ ಗುಚ್ಛ ಹೋಗುವ ದಿಕ್ಕಿಗೇ ಸಾಗುತ್ತಿರುವುದನ್ನು ಕಂಡಾಗಲೆಲ್ಲ ನನಗೆ ಆ ಮಧ್ಯಾಹ್ನ ಬೇಕು ಅನಿಸುತ್ತದೆ.

ಹೊತ್ತು ಇಳಿಯುವಾಗ ಹುಬ್ಬಳ್ಳಿ ಬಸ್ಸಿನ ಹಾರ್ನ್ ಕೇಳಿತು. ಅವಳು ಎದ್ದಳು. ಮೂವರು ಅಣ್ಣತಮ್ಮಂದಿರೂ ಎದ್ದರು. ಗೋಡೆ ಎದ್ದ ಮೇಲೆ ಮೂವರೂ ಕೂಡಿ ಆ ಓಣಿಯಲ್ಲಿ ನಡೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕಾಕಾ ಟ್ರಂಕು ಹೊತ್ತ, ಅಪ್ಪ ಉಡಿಯ ಗಂಟು ಹಿಡಿದ, ದೊಡ್ಡಪ್ಪ ಮುಂದೆ ಹೋಗಿ ಬಸ್ಸಿಗೆ ಕೈ ಮಾಡಿದ. ನೀಲತ್ತಿ ಕಿಟಕಿಯ ಕಡೆ ಕೂತು ಅವರನ್ನೇ ನೋಡುತ್ತಿದ್ದಳು, ಇನ್ನೂ ಏನೋ ಬರಲಿದೆ ಎಂಬಂತೆ. ಕಂಡಕ್ಟರ್ ಸೀಟಿ ಊದಿದ. ಆಗ ಮೂವರೂ ಒಂದೇ ಸಲಕ್ಕೆ, ಒಬ್ಬರ ಮುಖ ಒಬ್ಬರು ನೋಡದೆ, ಒಂದೇ ದನಿಯಲ್ಲಿ ಅಂದರು.

"ಹೋಗಿ ಬಾರವ್ವಾ, ನೀಲವ್ವಾ."